ಕೇಳದೆ ಬರೆದ ಚಿತ್ರ

ಗದಗಿನ ಸಂತೆಯಲ್ಲಿ ನಿಂಬೆಹಣ್ಣು ಮಾರುವ ಫಕೀರವ್ವ ತೀರಿಹೋದ ತಂಗಿಯನ್ನು ನೆನೆದು ಅಳುತ್ತಿದ್ದಳು. ಅಂಗಿಗೆ ಕ್ಯಾಮೆರಾ ಸಿಕ್ಕಿಸಿಕೊಂಡ ಕಲಾವಿದನೊಬ್ಬ ಎದುರು ನಿಂತು ಅದನ್ನೆಲ್ಲ ಸೆರೆಹಿಡಿದ. “ಅಳಿಸಿಬಿಡಪ್ಪಾ,” ಎಂದು ಅವಳು ಕೈಮುಗಿದಳು.

“ಇದು ಕಲೆ. ಪ್ರದರ್ಶನಕ್ಕಿಡುತ್ತೇನೆ. ಬೀದಿಯಲ್ಲಿ ಯಾರ ಅಪ್ಪಣೆಯೂ ಬೇಕಿಲ್ಲ,” ಎಂದ ಆತ.

ಪಕ್ಕದಲ್ಲಿ ಬೋರ್ಡು ಬರೆಯುತ್ತಿದ್ದ ಪೇಂಟರ್ ಮೌಲಾಸಾಬ ಇದನ್ನು ಕೇಳಿಸಿಕೊಂಡ. ಬಣ್ಣದಲ್ಲಿ ಕುಂಚ ಅದ್ದಿ, ತನ್ನ ಅಂಗಡಿಯ ಗೋಡೆಯ ಮೇಲೆ ಆ ಕಲಾವಿದನನ್ನೇ ಬರೆದ. ಎದೆಯ ಮೇಲೆ ಕ್ಯಾಮೆರಾ, ಮೂಗಿನೊಳಗೆ ಬೆರಳು. ಸಂತೆಗೆ ಸಂತೆಯೇ ನೆರೆದು ನಕ್ಕಿತು.

ಕಲಾವಿದ ಕಿರುಚಿದ: “ನನ್ನನ್ನು ಕೇಳದೆ ಬರೆದೆಯಾ? ಅಳಿಸು!”

“ನಾನೂ ಪ್ರದರ್ಶನಕ್ಕ ಇಟ್ಟೀನ್ರೀ ಸಾಹೇಬ್ರ. ಮೊದಲು ನೀವು ಅಳಿಸ್ರಿ, ಆಮ್ಯಾಲೆ ನಾ ಅಳಿಸ್ತೀನಿ.”

ಕಲಾವಿದನ ಮುಖ ಕೆಂಪೇರಿತು. ಫಕೀರವ್ವನ ಕಣ್ಣೆದುರೇ ವಿಡಿಯೊ ಅಳಿಸಿದ. ಮೌಲಾಸಾಬ ಗೋಡೆಗೆ ಸುಣ್ಣ ಬಳಿದ.

ಫಕೀರವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು: “ಮೂಗು ಭಾಳ ಛಲೋ ಬಂದಿತ್ತು ನೋಡಣ್ಣಾ.”