ಪ್ರಾಂತ ಏಕೆ ಅಳುತ್ತಿತ್ತು

ರೋಮನ್ನರು ಗೆದ್ದುಕೊಂಡ ಡೇಸಿಯಾ ಪ್ರಾಂತದಲ್ಲಿ ಒಬ್ಬ ಮುದುಕ ಶಿಲ್ಪಿಯಿದ್ದ. ಅವನ ಒಬ್ಬಳೇ ಮಗಳು ಜಿಯಾಳನ್ನು ಪ್ರಾಂತಾಧಿಪತಿಯ ಸೈನಿಕರು ಉಪ್ಪಿನ ಗಣಿಯ ದುಡಿಮೆಗೆ ಎಳೆದೊಯ್ದರು. ಅವಳು ಅಲ್ಲೇ ಸತ್ತಳು. ಅವರು ಹೆಣವನ್ನೂ ಕೊಡಲಿಲ್ಲ.

ಅಧಿಕಾರ ಮುಗಿಸಿ ರೋಮಿಗೆ ಹೊರಟ ಅಧಿಪತಿ ಶಿಲ್ಪಿಯನ್ನು ಕರೆಸಿದ.

"ನನ್ನ ಕಾಲದಲ್ಲಿ ಈ ಪ್ರಾಂತ ಎಷ್ಟು ಸುಖವಾಗಿತ್ತೆಂದು ಜನಕ್ಕೆ ನೆನಪಿರಬೇಕು. ಪ್ರಾಂತವನ್ನು ಒಂದು ಹೆಣ್ಣಾಗಿ ಕೆತ್ತಿ ಚೌಕದಲ್ಲಿ ನಿಲ್ಲಿಸು. ನನಗೆ ಒಪ್ಪಿಗೆಯಾಗದಿದ್ದರೆ ನಿನ್ನ ತಲೆ ಉಳಿಯದು."

ಮುದುಕ ಕೆತ್ತಿ ನಿಲ್ಲಿಸಿದ. ಪರದೆ ಸರಿಸಿದಾಗ ಕಲ್ಲಿನ ಹುಡುಗಿ ಅಳುತ್ತಿದ್ದಳು. ಊರಿನವರಿಗೆ ಜಿಯಾಳ ಗುರುತು ಸಿಕ್ಕಿತು.

ಅಧಿಪತಿಯ ಮುಖ ಕೆಂಪೇರಿತು. "ಇವಳೇಕೆ ಅಳುತ್ತಿದ್ದಾಳೆ?"

"ತಾವು ಬಿಟ್ಟು ಹೊರಟಿದ್ದೀರಲ್ಲ, ಒಡೆಯಾ," ಎಂದ ಮುದುಕ.

ಅಧಿಪತಿ ಕರಗಿಹೋದ. ಕಲ್ಲನ್ನು ಯಾರೂ ಮುಟ್ಟದಂತೆ ಕಾವಲು ಹಾಕಿಸಿದ. ಆಮೇಲೆ ಮುದುಕನ ಹೆಗಲು ತಟ್ಟಿ, "ಇನ್ನೂ ಒಂದಿಷ್ಟು ಕಣ್ಣೀರು ಸೇರಿಸಪ್ಪಾ," ಎಂದ.

ಮುದುಕ ಉಳಿ ಹಿಡಿದು ಮಗಳ ಕೆನ್ನೆಯ ಹತ್ತಿರ ಬಗ್ಗಿದ. ಹೆದರಿಕೆಯಿಂದ ಅಷ್ಟು ದಿನ ಅದುಮಿಟ್ಟಿದ್ದ ಅಳು ಒಡೆದು ಬಂತು. ಅವನು ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತ.

ಅಧಿಪತಿ ಅದನ್ನೂ ತನಗೆಂದೇ ತಿಳಿದುಕೊಂಡ.