ಮೂರು ಕಿವಿಗಳ ಪೆಟ್ಟಿಗೆ

ಕೃಷ್ಣೆಯ ದಡದ ಆಶ್ರಮದಲ್ಲಿ ನಿಜಗುಣಪ್ಪ ಗುರುಗಳು ವೈರ್‌ಲೆಸ್ ವಿದ್ಯೆ ಕಲಿಸುತ್ತಿದ್ದರು. ಅವರ ಶಿಷ್ಯೆ ಅಮರಮ್ಮ ಒಂದು ಪೆಟ್ಟಿಗೆ ಮಾಡಿದ್ದಳು. ಗಾಳಿಯಲ್ಲಿ ಯಾವ ತರಂಗ ಖಾಲಿ ಇದೆಯೆಂದು ಅದು ಆಲಿಸುತ್ತಿತ್ತು. ಖಾಲಿ ಸಿಕ್ಕರೆ ಅದರಲ್ಲಿ ಮಾತು ಕಳಿಸುತ್ತಿತ್ತು.

ಹೊಳೆಯ ನಡುಗಡ್ಡೆಯಲ್ಲಿ ನಲವತ್ತು ಮನೆ. ಫೋನಿಲ್ಲ, ಸೇತುವೆಯಿಲ್ಲ. ಅಲ್ಲಿನ ನರ್ಸ್ ಶಂಕ್ರಮ್ಮ ಈ ದಡದ ಡಾಕ್ಟರನ್ನು ಕರೆಯಬೇಕೆಂದರೆ ಅಮರಮ್ಮನ ಪೆಟ್ಟಿಗೆ, ತನ್ನ ಬಳಿಯಿದ್ದ ಅದರ ಜೋಡಿ, ಇವೇ ಗತಿ.

ತರಂಗಗಳಿಗೂ ಒಡೆಯರಿರುತ್ತಾರೆ. ಇಲ್ಲಿ ಅಣೆಕಟ್ಟಿನವರು. ನಾವು ಸುಮ್ಮನಿದ್ದಾಗ ಬಳಸಿಕೊಳ್ಳಿ, ನಾವು ಬಾಯಿ ತೆರೆದ ಕೂಡಲೇ ಜಾಗ ಬಿಡಿ ಎಂದು ಅವರು ಒಪ್ಪಿದ್ದರು. ದೊಡ್ಡ ಮನಸ್ಸೇ ಅನ್ನಿ.

ಒಂದು ಬೆಳಿಗ್ಗೆ ಪೆಟ್ಟಿಗೆ ಖಾಲಿ ಎಂದಿತು. ಅಮರಮ್ಮ ಮಾತು ಶುರುಮಾಡಿದಳು. ಗುಡ್ಡದಾಚೆ ಅದೇ ತರಂಗದಲ್ಲಿ ಅಣೆಕಟ್ಟಿನ ಕಾವಲುಗಾರ ಗೇಟಿನ ಸುದ್ದಿ ಹೇಳುತ್ತಿದ್ದ. ಅವನ ಮಾತು ಕಲಸುಮೇಲೋಗರವಾಯಿತು. ಅಣೆಕಟ್ಟಿನ ಎಂಜಿನಿಯರ್ ಸಾಹೇಬರು ಜೀಪಿನಲ್ಲಿ ಬಂದು, ಇನ್ನೊಂದು ಸಲ ಹೀಗಾದರೆ ಪೆಟ್ಟಿಗೆಗೆ ಬೀಗ ಎಂದು ಹೇಳಿ ಹೋದರು.

ಅಮರಮ್ಮನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಚೆನ್ನಾಗಿ ಕೇಳಿಯೇ ಮಾತಾಡಿದೆ, ಗುರುಗಳೇ. ಯಾರ ಸದ್ದೂ ಇರಲಿಲ್ಲ."

"ಇರಲಿಲ್ಲವೋ, ನಿನಗೆ ಕೇಳಲಿಲ್ಲವೋ?"

ಅವಳು ಪೆಟ್ಟಿಗೆಯ ಕಿವಿಯನ್ನು ಇನ್ನಷ್ಟು ಚುರುಕು ಮಾಡಲು ಕೂತಳು. ಮೂರು ದಿನ ತಿಣುಕಿದಳು. ಗುಡ್ಡದಾಚೆಯ ಸದ್ದು ಮಾತ್ರ ಜಪ್ಪಯ್ಯ ಅಂದರೂ ಬೀಳಲಿಲ್ಲ. ನಾಲ್ಕನೆಯ ದಿನ ಗುರುಗಳು ಅವಳನ್ನು ಹರಿಗೋಲಿಗೆ ಹತ್ತಿಸಿ, ತಾವೂ ಹತ್ತಿ, ಹುಟ್ಟನ್ನು ಅವಳ ಕೈಗಿಟ್ಟು, ಬಂಡೆಯ ತಿರುವು ದಾಟಿಸು ಅಂದರು.

ಆ ತಿರುವಿನಲ್ಲಿ ಒಂದೇ ಹರಿಗೋಲು ಹಿಡಿಯುತ್ತದೆ. ಅಮರಮ್ಮ ಕಣ್ಣರಳಿಸಿ ನೋಡಿದಳು. ಹೊಳೆಯ ಮೇಲೆ ಒಂದು ನರಪಿಳ್ಳೆಯೂ ಇಲ್ಲ. ಹುಟ್ಟು ಹಾಕಿದಳು. ಬಂಡೆಯ ಮರೆಯಿಂದ ಅಂಬಿಗ ಹುಲಿಗೆಪ್ಪನ ಹರಿಗೋಲು ಬಂದು ಗುದ್ದಿತು. ಎಲ್ಲರೂ ತೊಯ್ದು ತೊಪ್ಪೆಯಾದರು.

"ಬಂಡೆ ಮ್ಯಾಲಿನವರನ್ನ ಕೇಳದೇ ಬಂದೆಯೇನವ್ವಾ? ನಮ್ಮಪ್ಪನೂ ಹಂಗ ಬಂದವನಲ್ಲ," ಎಂದು ಹುಲಿಗೆಪ್ಪ ನಕ್ಕ.

ಬಂಡೆಯ ಮೇಲೆ ಬಟ್ಟೆ ಒಗೆಯುವವರಿದ್ದರು. ಅವರಿಗೆ ಎರಡೂ ಕಡೆ ಕಾಣುತ್ತಿತ್ತು. ಅಂಬಿಗರು ಕೆಳಗಿನಿಂದ ಕೂಗು ಹಾಕಿ, ಮೇಲಿನಿಂದ ಉತ್ತರ ಬಂದ ಮೇಲೆಯೇ ತಿರುವಿಗೆ ಇಳಿಯುವುದು ಅಲ್ಲಿನ ರೂಢಿ. ಗುರುಗಳು ಪಂಚೆ ಹಿಂಡಿಕೊಳ್ಳುತ್ತಿದ್ದರು.

ಅಮರಮ್ಮ ಒದ್ದೆ ಸೀರೆಯಲ್ಲೇ ಓಡಿದಳು. ಪೆಟ್ಟಿಗೆಗೆ ಇನ್ನೆರಡು ಕಿವಿ ಕಟ್ಟಿದಳು. ಒಂದನ್ನು ಗುಡ್ಡದ ನೆತ್ತಿಯಲ್ಲಿಟ್ಟಳು, ಇನ್ನೊಂದನ್ನು ನಡುಗಡ್ಡೆಯಲ್ಲಿ. ಮೂರರಲ್ಲಿ ಯಾವುದಕ್ಕೆ ಸದ್ದು ಬಿದ್ದರೂ ಪೆಟ್ಟಿಗೆ ಆ ತರಂಗ ಬಿಟ್ಟು ಏಳಬೇಕು.

ಹೊಳೆ ಏರಿದ ದಿನ ಮಧ್ಯಾಹ್ನ ಶಂಕ್ರಮ್ಮನ ದನಿ ಬಂತು. ಹೆರಿಗೆ ಕಷ್ಟವಾಗಿದೆ, ಕೂಸು ಅಡ್ಡ ತಿರುಗಿದೆ, ಡಾಕ್ಟರು ಈಗಲೇ ಬರಬೇಕು. ಅವಳ ಮಾತು ಮುಗಿದಿರಲಿಲ್ಲ, ಗುಡ್ಡದ ಕಿವಿಗೆ ಕಾವಲುಗಾರನ ದನಿ ಬಿತ್ತು.

ಪೆಟ್ಟಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ತನ್ನ ಜೋಡಿಯೊಂದಿಗೆ ಇನ್ನೊಂದು ಖಾಲಿ ತರಂಗಕ್ಕೆ ಜಿಗಿಯಿತು. ಶಂಕ್ರಮ್ಮನ ಮಾತು ತುಂಡಾಗಲಿಲ್ಲ, ಗೇಟಿನ ಸುದ್ದಿಯೂ ಕೆಡಲಿಲ್ಲ. ಹುಲಿಗೆಪ್ಪ ಡಾಕ್ಟರನ್ನು ಕೂರಿಸಿಕೊಂಡು ಹೊಳೆಗಿಳಿದ. ಸಂಜೆಯೊಳಗೆ ತಾಯಿ, ಕೂಸು ಇಬ್ಬರೂ ಕ್ಷೇಮವೆಂದು ಪೆಟ್ಟಿಗೆ ಹೇಳಿತು. ಅಮರಮ್ಮ ಆಶ್ರಮದ ಅಂಗಳದಲ್ಲಿ ನಾಚಿಕೆ ಬಿಟ್ಟು ಕುಣಿದಳು.

ಅಷ್ಟರಲ್ಲಿ ಎಂಜಿನಿಯರ್ ಸಾಹೇಬರ ಜೀಪು ಬಂತು. ಅವರು ಪೆಟ್ಟಿಗೆಯನ್ನು ಸುತ್ತಿ ನೋಡಿ ಮೂಗು ಮುರಿದರು.

"ಕೆಟ್ಟು ಕೂತಿದೆಯೇನು? ಇವತ್ತಿಡೀ ಗಾಳಿಯಲ್ಲಿ ನಿಮ್ಮ ಸದ್ದೇ ಇರಲಿಲ್ಲ."

ಗುರುಗಳು ಶಿಷ್ಯೆಯ ಮುಖ ನೋಡಿ ನಕ್ಕರು.

"ಇರಲಿಲ್ಲವೋ, ನಿಮಗೆ ಕೇಳಲಿಲ್ಲವೋ, ಸಾಹೇಬರೇ? ನಡುಗಡ್ಡೆಯಲ್ಲಿ ಈಗ ಒಂದು ಕೂಸು ಅಳುತ್ತಿದೆ."