ಅಧ್ಯಕ್ಷರ ಕಾರಿನ ಮುಗ್ಗಲು ವಾಸನೆ

ಸಹಕಾರ ಸಂಘದ ಅಧ್ಯಕ್ಷರ ಕಾರಿನಲ್ಲಿ ಎಸಿ ಹಾಕಿದರೆ ಸಾಕು, ಮುಗ್ಗಲು ವಾಸನೆ. ಕ್ಲೀನ್ ಮಾಡಿಸೋಣವೆಂದು ಡ್ರೈವರ್ ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ.

“ವಾಸನೆ ಎಸೀದಲ್ಲ, ನಿಂದು! ನಾಳೆಯಿಂದ ಕೆಲಸಕ್ಕೆ ಬರಬೇಡ,” ಎಂದು ಕಚೇರಿಯವರೆದುರೇ ಗದರಿದರು.

“ಆಗಲಿ ಸಾರ್. ಒಂದು ಸಲ ನಾನಿಲ್ಲದೆ ನೀವೇ ಓಡಿಸಿ ನೋಡಿಬಿಡಿ,” ಎಂದ ಡ್ರೈವರ್.

ಅಧ್ಯಕ್ಷರು ಸನ್ಮಾನದ ಶಾಲು ಹೊದ್ದೇ ಕಾರು ಹತ್ತಿದರು. ಗಾಜು ಏರಿಸಿ, ಎಸಿ ಹಾಕಿ, ಊರು ಸುತ್ತಿ ಬಂದರು. ಇಳಿದಾಗ ಮುಖದ ತುಂಬ ಗೊಂದಲ.

“ನೀನಿಲ್ಲದಿದ್ದರೂ ವಾಸನೆ ಬರುತ್ತಲ್ಲೋ!”

“ಹೌದಾ ಸಾರ್? ಒಳಗೆ ಯಾರಿದ್ದರು?”

ಅಧ್ಯಕ್ಷರು ಮೆಲ್ಲಗೆ ಶಾಲಿನ ಅಂಚನ್ನು ಮೂಗಿಗೆ ಹಿಡಿದರು. ಗುಮಾಸ್ತರೆಲ್ಲ ಅವರನ್ನೇ ನೋಡುತ್ತಿದ್ದರು.

“ಎಸೀದೇ ಕಣಯ್ಯಾ ವಾಸನೆ, ಎಸೀದೇ!” ಎಂದು ಇಡೀ ಕಚೇರಿಗೆ ಕೇಳುವಂತೆ ಕೂಗಿದರು. “ಈಗಲೇ ಹೋಗಿ ಕ್ಲೀನ್ ಮಾಡಿಸು!”